ರಾತ್ರಿ ಕೋಳಿ ಹೋಗ್ತಾ ಇವೆ, ನರಿನೇ ಇರ್ಬೇಕು, ಗೂಡು ಹೇಗೆ ಭದ್ರ ಮಾಡೋದು? (ನಾಪೋಕ್ಲು ಕಡೆ)

ಗದ್ದೆಬದಿ_ನಾಪೋಕ್ಲು

ಎಲ್ರಿಗೂ ನಮಸ್ಕಾರ. ನಮ್ದು ಕೊಡಗಿನ ನಾಪೋಕ್ಲು ಹತ್ರ ಒಳಗಡೆ, ಮನೆ ಹಿಂದೆ ರೊಬಸ್ಟಾ ತೋಟ, ಮುಂದೆ ಗದ್ದೆ, ಎರಡರ ಮಧ್ಯೆ ಒಂದು ತೋಡು ಹರಿಯುತ್ತೆ. ಮನೆ ಮಟ್ಟಿಗೆ ಅಂತ ಇಪ್ಪತ್ತು ಚಿಲ್ಲರೆ ಕೋಳಿ ಇಟ್ಕೊಂಡಿದೀವಿ, ಜಾಸ್ತಿ ನಾಟಿ, ಒಂದಷ್ಟು ಗಿರಿರಾಜ ತಳಿದು. ಬೇಸಿಗೆ ಪೂರ್ತಿ ಏನೂ ತೊಂದ್ರೆ ಇರ್ಲಿಲ್ಲ, ಕಕ್ಕಡ (ನಮ್ಮ ಕಡೆ ಜುಲೈ-ಆಗಸ್ಟ್ ಮಳೆ ತಿಂಗಳು) ಹಿಡಿದ ಮೇಲೆ ಶುರುವಾಯ್ತು ನೋಡಿ, ಮೊದ್ಲು ಒಂದು ಗಿರಿರಾಜ ಹೇಂಟೆ ಕಾಣ್ಲಿಲ್ಲ, ಆಮೇಲೆ ಇನ್ನೊಂದು, ಆಮೇಲೆ ಕಕ್ಕಡ ಹದಿನೆಂಟರ ಹಬ್ಬದೂಟಕ್ಕೆ ಅಂತ ಮೇಯಿಸಿ ಇಟ್ಟಿದ್ದ ಹುಂಜನೇ ಹೋಯ್ತು. ಆ ದಿನ ಮಾಡೋ ಮದ್ದುಸೊಪ್ಪಿನ ಪಾಯಸ ಮಾತ್ರ ಉಳೀತು ನಮಗೆ.

ಬೆಳಗ್ಗೆ ನೋಡಿದ್ರೆ ರಕ್ತ ಜಾಸ್ತಿ ಏನಿಲ್ಲ, ಒಂದಿಷ್ಟು ಪುಕ್ಕ ಗೂಡಿನ ಹತ್ರ, ಆಮೇಲೆ ಅಲ್ಲೊಂದು ಇಲ್ಲೊಂದು ತೋಡಿನ ಕಡೆ. ಕೋಳಿ ಇಡೀ ಮಾಯ. ಗೂಡು ಅಂದ್ರೆ ಕೆಳಗೆ ಎರಡು ವರಸೆ ಇಟ್ಟಿಗೆ, ಪಾಯ ಇಲ್ಲ, ನೆಲ ಮಣ್ಣಿಂದು, ಸುತ್ತ ಆರು ಮೂಲೆ ತೂತಿನ ಚಿಕನ್ ಮೆಶ್, ಮೇಲೆ ಜಿಐ ಶೀಟು. ಬಾಗ್ಲಿಗೆ ಬೈಂಡಿಂಗ್ ವೈರ್ ಸುತ್ತಿ ಬಿಡ್ತೀವಿ. ಮಳೆ ಶಬ್ದಕ್ಕೆ ಶೀಟಿನ ಮೇಲೆ ಏನು ಬಿದ್ರೂ ಗೊತ್ತಾಗಲ್ಲ, ಕೋಳಿ ಕೂಗಿದ್ರೂ ಕೇಳ್ಸಲ್ಲ.

ಅಮ್ಮ ನರಿನೇ ಅಂತಾರೆ, ಸಂಜೆ ಗದ್ದೆ ಆಚೆಯಿಂದ ಊಳಿಡೋದು ದಿನಾ ಕೇಳುತ್ತೆ. ಪಕ್ಕದವರು ಒಬ್ರು ಉರುಲು ಹಾಕು ಅಂತಾರೆ, ಇನ್ನೊಬ್ರು ಕೋಳಿ ಕರುಳಿಗೆ ತೋಟದ ಔಷಧಿ ಹಚ್ಚಿ ಇಡು ಅಂತಾರೆ. ನಂಗೆ ಎರಡೂ ಸರಿ ಅನ್ನಿಸ್ತಿಲ್ಲ, ನಮ್ಮನೆ ನಾಯಿನೇ ತಿಂದ್ರೆ? ಜಾಸ್ತಿ ದುಡ್ಡು ಹಾಕಿ ಸಿಮೆಂಟ್ ಶೆಡ್ ಮಾಡೋ ಹಾಗಿಲ್ಲ, ಈ ಮಳೇಲಿ ಕೆಲ್ಸದವರೂ ಸಿಗಲ್ಲ. ಕಮ್ಮಿ ಖರ್ಚಲ್ಲಿ ಏನ್ ಮಾಡ್ಬಹುದು ಹೇಳಿ.

---

ಮೆಣಸುಬಳ್ಳಿ_ಸೋಮವಾರಪೇಟೆ

ಮೊದ್ಲು ಕಳ್ಳ ಯಾರು ಅಂತ ಖಾತ್ರಿ ಮಾಡ್ಕೊಳ್ಳಿ ಮಾರಾಯ್ರೆ, ನಮ್ಮ ಜಿಲ್ಲೇಲಿ ಕೋಳಿ ತಿನ್ನೋರು ಒಬ್ರಾ ಇಬ್ರಾ, ಏನ್ ಹೋದ್ರೂ ನರಿ ಮೇಲೆ ಹಾಕೋದು ಅಭ್ಯಾಸ ಆಗ್ಬಿಟ್ಟಿದೆ. ನರಿಗೆ ಮಾಡೋ ಬಂದೋಬಸ್ತು ಪುನುಗಿನ ಬೆಕ್ಕಿಗೆ ನಡೆಯಲ್ಲ, ಬೆಕ್ಕಿಗೆ ಮಾಡಿದ್ದು ಹಾವಿಗೆ ನಡೆಯಲ್ಲ.

ಕೋಳಿ ಇಡೀ ಹೋಗಿ ಪುಕ್ಕ ಒಂದೇ ದಿಕ್ಕಿಗೆ ಉದುರಿದ್ರೆ ನರಿ ಇಲ್ಲಾ ಕಾಡುಬೆಕ್ಕು. ಒಳಗೆ ಮೂರ್ನಾಲ್ಕು ಸತ್ತು ಬಿದ್ದಿದ್ದು ಕುತ್ತಿಗೆ ತಲೆ ಮಾತ್ರ ಕಚ್ಚಿದ್ರೆ ಪುನುಗು ಜಾತಿದು, ಅದು ಶೀಟಿಗೂ ಗೋಡೆಗೂ ಮಧ್ಯೆ ಇರೋ ಸಂದಿನಲ್ಲಿ ಮೇಲಿಂದ ಇಳಿಯುತ್ತೆ. ಹಗಲು ಹೊತ್ತು ಮರಿ ಕಮ್ಮಿ ಆಗ್ತಾ ಇದ್ರೆ ಮುಂಗುಸಿ, ಗಿಡುಗ, ಕೆಲವು ಸಲ ಕಾಗೆ. ಮೊಟ್ಟೆ ಮಾತ್ರ ಹೋಗಿ ಸಿಪ್ಪೆನೂ ಇಲ್ಲ ಅಂದ್ರೆ ಹಾವು ನುಂಗಿರುತ್ತೆ, ಸಿಪ್ಪೆ ಒಡೆದು ಬಿದ್ದಿದ್ರೆ ಮುಂಗುಸಿ ಅಥವಾ ಇಲಿ ಅಂತ ಲೆಕ್ಕ. ಏಳೆಂಟು ಕೋಳಿ ಕೊಂದು ಒಂದನ್ನೂ ತಿನ್ದೆ ಚೆಲ್ಲಾಡಿ ಹೋಗಿದ್ರೆ ಊರ ನಾಯಿ, ಇದನ್ನ ಹೇಳಿದ್ರೆ ಅಕ್ಕಪಕ್ಕದವರಿಗೆ ಕೋಪ ಬರುತ್ತೆ, ಆದ್ರೂ ಹೇಳ್ತೀನಿ, ನರಿ ಹೆಸರಲ್ಲಿ ನಾಯಿಗಳು ತುಂಬಾ ತಿಂದಿವೆ.

ಹೆಜ್ಜೆ ನೋಡಿ. ಮಳೇಲಿ ಹೊರಗೆ ನಿಲ್ಲಲ್ಲ, ಅದಕ್ಕೆ ಗೂಡಿನ ಬಾಗ್ಲ ಹತ್ರ ಒಂದು ಹಳೆ ಶೀಟ್ ಮಾಡಿನ ಹಾಗೆ ಇಳಿಸಿ, ಅದರಡಿ ಒಲೆ ಬೂದಿ ಜರಡಿ ಹಿಡಿದು ತೆಳ್ಳಗೆ ಹರಡಿ. ಉಗುರಿನ ಗುರುತು ಇಲ್ಲದೆ ದುಂಡಗಿದ್ರೆ ಬೆಕ್ಕಿನ ಜಾತಿ. ಉಗುರು ಕಾಣಿಸಿ ಉದ್ದಕ್ಕಿದ್ರೆ ನಾಯಿ ಅಥವಾ ನರಿ. ಇವೆರಡನ್ನ ಬೇರೆ ಮಾಡೋದು ಕಷ್ಟ, ಆದ್ರೆ ಒಂದು ಗುರುತಿದೆ: ನರಿಯ ಮುಂಗಾಲಲ್ಲಿ ನಡುವಿನ ಎರಡು ಬೆರಳಿನ ಮೆತ್ತೆ ಹಿಂದುಗಡೆ ಒಂದಕ್ಕೊಂದು ಅಂಟಿಕೊಂಡಿರುತ್ತೆ, ನಾಯೀದು ಬಿಡಿಬಿಡಿ. ಹೆಜ್ಜೆ ಸಾಲೂ ನೋಡಿ, ನರಿ ನೆಟ್ಟಗೆ ಒಂದೇ ಗೆರೇಲಿ ನಡೆಯುತ್ತೆ, ಸಾಕಿದ ನಾಯಿ ಅಡ್ಡಾದಿಡ್ಡಿ ಮೂಸ್ಕೊಂಡು ಹೋಗುತ್ತೆ. ಫೋಟೋ ತೆಗೀವಾಗ ಪಕ್ಕಕ್ಕೆ ಒಂದು ಬೆಂಕಿಪೊಟ್ಟಣ ಇಡಿ, ಅಳತೆ ಗೊತ್ತಾಗುತ್ತೆ.

---

ಕುಟ್ಟದವ

ಕೊಡಗಲ್ಲಿ ಕೂತ್ಕೊಂಡು ನರಿಗೆ ಏನ್ ಮಾಡೋದು ಅಂತ ಕೇಳ್ತೀರಲ್ಲಾ, ಗೋಡೆ ಮೇಲೆ ಕೋವಿ ಯಾಕಿದೆ 😄

---

ಮೆಣಸುಬಳ್ಳಿ_ಸೋಮವಾರಪೇಟೆ

@ಕುಟ್ಟದವ ತಮಾಷೆ ಅಂತ ಗೊತ್ತು, ಆದ್ರೂ ಯಾರಾದ್ರೂ ನಿಜ ಅಂದ್ಕೊಂಡಾರು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ದೂ ಹೌದು. ಅದು ಕೋವಿ ಇಟ್ಕೊಳ್ಳೋಕೆ, ಬೇಟೆಗಲ್ಲ. ನರಿ, ಕಾಡುಬೆಕ್ಕು, ಪುನುಗು, ಉಡ, ಹೆಬ್ಬಾವು ಎಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಬರುತ್ತೆ. ಕೋಳಿ ತಿಂತು ಅಂತ ಹೊಡೆದ್ರೆ ಕೋಳಿನೂ ಹೋಯ್ತು, ಕೋವಿನೂ ಹೋಯ್ತು, ಕೋರ್ಟಿಗೆ ಅಲೆದಾಟ ಬೇರೆ.

ಉರುಲು ಅಂತೂ ಬೇಡವೇ ಬೇಡ. ಹಂದಿಗೆ ಅಂತ ಬೇಲಿಗೆ ಹಾಕಿದ ಬ್ರೇಕ್ ವೈರ್ ಉರುಲಿಗೆ ಚಿರತೆ ಸಿಕ್ಕಿದ್ದು ನಮ್ಮ ಕಡೆ ಎಲ್ರಿಗೂ ಗೊತ್ತಿರೋ ವಿಷ್ಯ, ಸಿಕ್ಕ ಚಿರತೆ ಬಿಡಿಸೋಕೆ ನೀವು ಹೋಗ್ತೀರಾ? ವಿಷ ಇಟ್ರೆ ಮೊದ್ಲು ತಿನ್ನೋದು ನಿಮ್ಮ ನಾಯಿ, ಆಮೇಲೆ ಪಕ್ಕದ ಮನೆ ನಾಯಿ, ಆಮೇಲೆ ಕಾಗೆ ಹದ್ದು. ಅದೂ ತೋಡಿನ ಹತ್ರ, ಮಳೆ ನೀರಲ್ಲಿ! ಇನ್ನೊಂದು, ಗದ್ದೆ ಇಲಿ ಹೆಗ್ಗಣ ಹಿಡಿಯೋದೂ ಇದೇ ನರಿ. ಬೆಳಗ್ಗೆ ಎದ್ದು ನರಿ ಮುಖ ನೋಡಿದ್ರೆ ಒಳ್ಳೇದು ಅಂತಾರೆ, ಕೋಳಿ ಸಾಕಿದವರಿಗೆ ಮಾತ್ರ ಆ ಮಾತು ಒಪ್ಪಲ್ಲ ಬಿಡಿ.

---

ಗದ್ದೆಬದಿ_ನಾಪೋಕ್ಲು

ಎಲ್ರಿಗೂ ಥ್ಯಾಂಕ್ಸ್. ಬೂದಿ ಹಾಕಿ ನೋಡ್ದೆ. ಉಗುರು ಚೆನ್ನಾಗಿ ಕಾಣ್ತಿದೆ, ನಡುವಿನ ಎರಡು ಬೆರಳಿನ ಮೆತ್ತೆ ಹಿಂದೆ ಸೇರ್ಕೊಂಡಿದೆ, ಹಾಗಾಗಿ ಅಮ್ಮ ಗೆದ್ರು. ಬಾಗ್ಲು ತೆಗ್ದಿಲ್ಲ ಅದು, ತೋಡಿನ ಕಡೆ ಗೋಡೆ ಬುಡದಲ್ಲಿ ಮಣ್ಣು ಕೆರೆದು ಒಂದು ಗೇಣು ಅಗಲ ಬಿಲ ಮಾಡಿದೆ. ಹೊರಗಿಂದ ತರಗೆಲೆ ಬಿದ್ದು ಮುಚ್ಚಿತ್ತು. ಕಲ್ಲಿಟ್ಟು ಮುಚ್ಚಿದೆ, ರಾತ್ರಿ ಪಕ್ಕದಲ್ಲೇ ಕೆರೆದಿದೆ ಮತ್ತೆ. ಕೋಳಿ ಎಲ್ಲಾ ಸದ್ಯಕ್ಕೆ ಸೌದೆ ಕೊಟ್ಟಿಗೆಯಲ್ಲಿ ಕೂಡಿ ಹಾಕಿದೀವಿ, ಅಲ್ಲಿ ಹಾಗೇ ಬಿಡೋಕಾಗಲ್ಲ, ಗಲೀಜು ಆಗ್ತಿದೆ.

---

ವೆಲ್ಡಿಂಗ್_ಗೋಣಿಕೊಪ್ಪ

ಈಗ ಸರಿ, ಕೆಲ್ಸ ಎಲ್ಲಿ ಮಾಡ್ಬೇಕು ಗೊತ್ತಾಯ್ತು. ನಾನು ಗೂಡು, ಗ್ರಿಲ್ಲು, ನಾಯಿ ಬೋನು ಎಲ್ಲಾ ಮಾಡೋನು, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಕಲ್ಲಿಟ್ಟು ಬಿಲ ಮುಚ್ಚೋದು ಪ್ರಯೋಜನ ಇಲ್ಲ. ಅದು ಒಂದು ಸಲ ಒಳಗೆ ಊಟ ಇದೆ ಅಂತ ಕಲ್ತಿದೆ, ಗೋಡೆ ಸುತ್ತ ಮೆತ್ತಗಿರೋ ಜಾಗ ಹುಡುಕ್ತಾನೇ ಇರುತ್ತೆ, ಕಕ್ಕಡದಲ್ಲಿ ನಮ್ಮ ಮಣ್ಣು ಎಲ್ಲಾ ಕಡೆನೂ ಮೆತ್ತಗೆ. ಪಾಯ ತೋಡಿ ಕಾಂಕ್ರೀಟ್ ಹಾಕೋಕೆ ಮಳೆ ಬಿಡಲ್ಲ. ಅದಕ್ಕೆ ಸುಲಭದ ದಾರಿ, ನೆಲದ ಮೇಲೆ ಮೆಶ್ ಹಾಸೋದು. ವೆಲ್ಡ್ ಮೆಶ್ (ಬೆಸುಗೆ ಹಾಕಿದ ಚೌಕ ತೂತಿನ ಗಟ್ಟಿ ತಂತಿ ಬಲೆ) ಎರಡು ಅಡಿ ಅಗಲ ಕತ್ತರಿಸಿ, ಗೋಡೆ ಬುಡಕ್ಕೆ ಒಂದು ಅಂಚು ಗಟ್ಟಿಯಾಗಿ ಕಟ್ಟಿ, ಉಳಿದದ್ದನ್ನ ಹೊರಗಡೆಗೆ ನೆಲದ ಮೇಲೆ ಮಲಗಿಸಿ. ನರಿ ಆಗ್ಲಿ ನಾಯಿ ಆಗ್ಲಿ ಕೆರೆಯೋದು ಗೋಡೆ ಬುಡದಲ್ಲೇ, ಎರಡು ಅಡಿ ಹಿಂದೆ ನಿಂತು ಅಲ್ಲಿಂದ ಸುರಂಗ ತೋಡೋ ಬುದ್ಧಿ ಅದಕ್ಕೆ ಬರಲ್ಲ, ಕಾಲಡಿಗೆ ತಂತಿ ಸಿಕ್ಕಿದ್ರೆ ಪಕ್ಕಕ್ಕೆ ಹೋಗಿ ಮತ್ತೆ ಬುಡದಲ್ಲೇ ಕೆರೆಯುತ್ತೆ, ಅಲ್ಲೂ ತಂತಿ. ಮೆಶ್ ಮೇಲೆ ಸೈಜುಗಲ್ಲು, ಒಡೆದ ಹೆಂಚು, ಜಲ್ಲಿ ಏನಿದ್ಯೋ ಹೇರಿ. ಸ್ವಲ್ಪ ದಿನದಲ್ಲಿ ಹುಲ್ಲು ಬೆಳೆದು ಅದೇ ಹಿಡ್ಕೊಳ್ಳುತ್ತೆ. ಗುದ್ದಲಿ ಹಿಡಿಯೋ ಕೆಲ್ಸನೇ ಇಲ್ಲ, ಮಳೆ ಹೊಳವಾದ ಒಂದು ಮಧ್ಯಾಹ್ನ ಸಾಕು.

ಮೂಲೆ ಮರೀಬೇಡಿ. ಎರಡು ಕಡೆಯಿಂದ ಬಂದ ಮೆಶ್ ಮೂಲೇಲಿ ಒಂದರ ಮೇಲೊಂದು ಕೂರ್ಬೇಕು, ಸಂದಿ ಬಿಟ್ರೆ ಅಲ್ಲೇ ನುಗ್ಗುತ್ತೆ. ಬಾಗ್ಲ ಮುಂದೆನೂ ಹಾಸ್ಬೇಕು, ಅಲ್ಲಿ ಓಡಾಡೋದ್ರಿಂದ ಮೇಲೆ ಹಾಸುಗಲ್ಲು ಇಟ್ಬಿಡಿ.

ಆಮೇಲೆ ಆ ಆರು ಮೂಲೆ ಚಿಕನ್ ಮೆಶ್. ಅದು ಕೋಳಿ ಹೊರಗೆ ಹೋಗದಿರೋಕೆ ಮಾಡಿದ್ದು, ಹೊರಗಿನದ್ದು ಒಳಗೆ ಬರದಿರೋಕೆ ಅಲ್ಲ. ತೆಳು ತಂತಿ, ನಮ್ಮ ಮಳೆಗೆ ಬೇಗ ತುಕ್ಕು ಹಿಡಿದು ಹಲ್ಲಲ್ಲಿ ಎಳೆದ್ರೆ ಬಿಚ್ಕೊಳ್ಳುತ್ತೆ. ಪೂರ್ತಿ ಬದಲಾಯಿಸೋಕೆ ಆಗಲ್ಲ ಅಂದ್ರೆ ಕೆಳಗಿನ ಮೂರು ಅಡಿಗಾದ್ರೂ ಅರ್ಧ ಇಂಚಿನ ವೆಲ್ಡ್ ಮೆಶ್ ಹೊರಗಡೆಯಿಂದ ಹೊಡೀರಿ. ಅರ್ಧ ಇಂಚು ಯಾಕೆ ಅಂದ್ರೆ ಇಲಿ, ಮುಂಗುಸಿ, ಹಾವು ಮೂರೂ ತಡೆಯುತ್ತೆ, ಜೊತೆಗೆ ಮೆಶ್ ಒಳಗೆ ಕೈ ಹಾಕಿ ಕೋಳಿ ಕಾಲು ಎಳೆಯೋದೂ ನಿಲ್ಲುತ್ತೆ. ಬರೀ ಮೊಳೆ ಬಗ್ಗಿಸಿ ಹೊಡೀಬೇಡಿ, ಯೂ ಮೊಳೆ ಹೊಡೆದು ಮೇಲೆ ಒಂದು ರೀಪರ್ (ಮರದ) ಪಟ್ಟಿ ಕೂರಿಸಿ. ಶೀಟಿಗೂ ಗೋಡೆಗೂ ಮಧ್ಯೆ ಇರೋ ಸಂದಿಗೂ ಇದೇ ಮೆಶ್. ಈಗ ನರಿ ಬರ್ತಿದೆ ನಿಜ, ಅದನ್ನ ನಿಲ್ಲಿಸಿದ ಮೇಲೆ ಪುನುಗು ಬರಲ್ಲ ಅಂತ ಏನೂ ಬರೆದುಕೊಟ್ಟಿಲ್ಲ, ತೋಟದಲ್ಲಿ ಕಾಫಿ ಹಣ್ಣು ಬಾಳೆಹಣ್ಣು ತಿನ್ನೋಕೆ ಹೇಗೂ ಬಂದೇ ಬರುತ್ತೆ.

ಬೈಂಡಿಂಗ್ ವೈರ್ ಸುತ್ತೋದು ಬಿಟ್ಟು ಮೇಲೊಂದು ಕೆಳಗೊಂದು ಟವರ್ ಬೋಲ್ಟ್ (ಚಿಲಕ) ಹಾಕಿ. ಮೇಲೆ ಮಾತ್ರ ಹಾಕಿದ್ರೆ ಕೆಳಗಡೆ ಮೂತಿ ಹಾಕಿ ಅಗಲ ಮಾಡುತ್ತೆ. ಮಳೆಗಾಲದಲ್ಲಿ ಮರದ ಬಾಗ್ಲು ಉಬ್ಬಿ ಸರಿ ಕೂರಲ್ಲ, ಅದೂ ನೋಡ್ಕೊಳ್ಳಿ.

ದುಡ್ಡು ಕೈಗೆ ಬಂದ ಮೇಲೆ, ಕಾಫಿ ಕುಯ್ಲಿನ ನಂತ್ರ ಅಂತ ಇಟ್ಕೊಳ್ಳಿ, ಗೂಡನ್ನೇ ನೆಲದಿಂದ ಮೂರು ಅಡಿ ಎತ್ತರಕ್ಕೆ ಸಿಮೆಂಟ್ ಕಂಬದ ಮೇಲೆ ಕೂರಿಸಿ. ನೆಲಕ್ಕೆ ಮೆಶ್ ಅಥವಾ ಅಡಿಕೆ ದಬ್ಬೆ, ಹಿಕ್ಕೆ ಕೆಳಗೆ ಬೀಳುತ್ತೆ, ಬಾಚಿ ಮೆಣಸಿನ ಬುಡಕ್ಕೆ ಹಾಕ್ಬಹುದು. ಕೊಡಗಿನ ಮಳೆಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

---

ಹೇಂಟೆಅಕ್ಕ

ಗೂಡಿನ ವಿಷ್ಯ ಅಣ್ಣ ಚೆನ್ನಾಗಿ ಹೇಳಿದ್ರು. ಆದ್ರೆ ಕೋಳಿ ಗೂಡಿಗೆ ಬಂದ್ರೆ ತಾನೆ! ನಮ್ಮನೆಲಿ ನಾಟಿ ಕೋಳಿಗಳು ಸಂಜೆ ಆದ್ರೆ ಹಲಸಿನ ಮರ ಹತ್ತಿ ಕೂತ್ಕೊಳ್ತಿದ್ವು, ಅವಕ್ಕೆ ನರಿ ಭಯ ಇಲ್ಲ. ಗಿರಿರಾಜಕ್ಕೆ ಆ ಯೋಗ್ಯತೆ ಇಲ್ಲ ನೋಡಿ, ಹೆಬ್ಬಾಳದಲ್ಲಿ ತೂಕಕ್ಕೆ ಅಂತ ಮಾಡಿದ ತಳಿ, ಮೈ ಭಾರ, ಹಾರೋಕೆ ಆಗಲ್ಲ, ಎಲ್ಲಾದ್ರೂ ಮೂಲೇಲಿ ನೆಲದ ಮೇಲೆ ಕೂತ್ಬಿಡುತ್ತೆ. ನಿಮ್ಮಲ್ಲಿ ಮೊದ್ಲು ಹೋಗಿದ್ದು ಗಿರಿರಾಜನೇ ಅಂತ ಬರೆದಿದೀರಲ್ಲ, ಅದಕ್ಕೇ. ಒಳಗೆ ಒಂದೂವರೆ ಎರಡು ಅಡಿ ಎತ್ತರಕ್ಕೆ ದಪ್ಪ ಕೋಲು ಕಟ್ಟಿ, ಗೋಡೆಯಿಂದ ಒಂದಡಿ ದೂರ ಇರ್ಲಿ, ಗಿರಿರಾಜ ಕೂಡ ಅಷ್ಟು ಹತ್ತುತ್ತೆ.

ಸಂಜೆ ಕಾಳು ಯಾವಾಗ್ಲೂ ಗೂಡಿನ ಒಳಗೇ ಹಾಕಿ, ಹೊರಗೆ ಹಾಕ್ಬೇಡಿ. ಅಕ್ಕಿ ನುಚ್ಚು ಡಬ್ಬಿ ಅಲ್ಲಾಡಿಸಿದ್ರೆ ಓಡಿ ಬರೋ ಹಾಗೆ ಅಭ್ಯಾಸ ಮಾಡಿಸಿ. ಮಳೆಗಾಲದಲ್ಲಿ ಬೇಗ ಕತ್ತಲಾಗೋದ್ರಿಂದ ಐದೂವರೆಗೇ ಮುಚ್ಚೋದು ಒಳ್ಳೇದು, ನರಿ ತಿರುಗೋಕೆ ಹೊರಡೋದು ಆ ಹೊತ್ತಲ್ಲೇ. ಬೆಳಗ್ಗೆನೂ ಪೂರ್ತಿ ಬೆಳಕಾಗೋ ತನಕ ಬಿಡ್ಬೇಡಿ. ಎಣಿಸಿ ಮುಚ್ಚಿ, ನಮ್ಮತ್ತೆ ಈಗಲೂ ಎಣಿಸದೆ ಬಾಗ್ಲು ಹಾಕಲ್ಲ.

ಇನ್ನೊಂದು ಹೇಳ್ಬೇಕು. ಭದ್ರ ಮಾಡ್ತೀನಿ ಅಂತ ಸುತ್ತ ಟಾರ್ಪಾಲ್ ಬಿಗಿದು ಗಾಳಿ ಆಡದ ಹಾಗೆ ಮಾಡ್ಬೇಡಿ. ಕಕ್ಕಡದ ತೇವದಲ್ಲಿ ಹಿಕ್ಕೆ ವಾಸನೆ ಕಣ್ಣು ಉರಿಸುತ್ತೆ, ಕೋಳಿಗೆ ಉಸಿರಾಟದ ತೊಂದ್ರೆ ಬರುತ್ತೆ, ಆಮೇಲೆ ನರಿ ಬೇಕಾಗಿಲ್ಲ ಕೊಲ್ಲೋಕೆ. ಮಳೆ ಹೊಡೆಯೋ ಪಡುವಣ ಬದಿಗೆ ಮಾತ್ರ ಕಟ್ಟಿ, ಮೇಲ್ಗಡೆ ಒಂದಡಿ ಗಾಳಿಗೆ ಬಿಡಿ. ಕೆಳಗೆ ಭತ್ತದ ಹೊಟ್ಟು ಹಾಕಿ ಒದ್ದೆ ಆದದ್ದನ್ನ ತೆಗೀತಾ ಇರಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕ್ಸಿದೀರಾ? ಸೌದೆ ಕೊಟ್ಟಿಗೆಯಲ್ಲಿ ಎಲ್ಲಾ ಒತ್ತೊತ್ತಾಗಿ ಇದ್ರೆ ಒಂದಕ್ಕೆ ಬಂದ್ರೆ ಎಲ್ಲಕ್ಕೂ ಹರಡುತ್ತೆ.

ಸೌದೆ ರಾಶಿಯಲ್ಲಿ ಹಾವೂ ಇರುತ್ತೆ, ಟಾರ್ಚ್ ಇಲ್ದೆ ಕೈ ಹಾಕ್ಬೇಡಿ. ನಮ್ಮ ಗೂಡಲ್ಲಿ ಒಂದು ಸಲ ಬೆಳಗ್ಗೆ ಬಾಗ್ಲು ತೆಗೆದ್ರೆ ಹೆಬ್ಬಾವು, ಕೋಳಿ ನುಂಗಿ ಹೊಟ್ಟೆ ಊದಿ, ಬಂದ ಸಂದಿಯಲ್ಲೇ ವಾಪಸ್ ಹೋಗೋಕೆ ಆಗ್ದೆ ಅಲ್ಲೇ ಸುತ್ತಿ ಮಲಗಿತ್ತು. ನಮ್ಮವರು 1926ಕ್ಕೆ ಫೋನ್ ಮಾಡಿದ್ರು, ಅರಣ್ಯ ಇಲಾಖೆ ಸಹಾಯವಾಣಿ ಅದು, ಹಿಡ್ಕೊಂಡು ಹೋದ್ರು.

---

ಬಾಣೆಹುಲ್ಲು

ಎಲ್ರೂ ಗೂಡಿನ ಬಗ್ಗೆನೇ ಹೇಳ್ತಿದೀರಾ. ಸೋಲಾರ್ ಬೇಲಿ ಹಾಕ್ಬಹುದಲ್ಲ? ಆನೆಗೆ ಹಾಕೋರು ಸುತ್ತಮುತ್ತ ಎಷ್ಟು ಜನ ಇಲ್ಲ. ನೆಲದಿಂದ ಆರು ಇಂಚಿಗೆ ಒಂದು ತಂತಿ, ಒಂದಡಿಗೆ ಒಂದು, ಎರಡು ಅಡಿಗೆ ಒಂದು, ಸಣ್ಣ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಶಾಕ್ ಕೊಡೋ ಪೆಟ್ಟಿಗೆ) ಸಾಕು. ಮೂಗಿಗೆ ಒಂದು ಸಲ ಹೊಡೆಸ್ಕೊಂಡ್ರೆ ಮತ್ತೆ ಆ ಕಡೆ ಬರಲ್ಲ.

---

ವೆಲ್ಡಿಂಗ್_ಗೋಣಿಕೊಪ್ಪ

@ಬಾಣೆಹುಲ್ಲು ಕೆಲ್ಸ ಮಾಡುತ್ತೆ, ಬೇಸಿಗೇಲಿ. ಈಗ ಆರು ಇಂಚಿನ ತಂತಿಗೆ ವಾರದಲ್ಲಿ ಹುಲ್ಲು ಮುಟ್ಟುತ್ತೆ, ಒದ್ದೆ ಹುಲ್ಲು ಮುಟ್ಟಿದ್ರೆ ಕರೆಂಟೆಲ್ಲಾ ನೆಲಕ್ಕೆ ಹೋಗಿ ತಂತಿ ಸುಮ್ನೆ ತಂತಿ ಆಗಿರುತ್ತೆ. ದಿನಾ ಕತ್ತಿ ಹಿಡಿದು ಸವರೋ ಹಾಗಿದ್ರೆ ಹಾಕಿ. ಆಮೇಲೆ ಮೋಡ ಇದ್ರೆ ಬ್ಯಾಟರಿ ಚಾರ್ಜ್ ಆಗಲ್ಲ, ಕಕ್ಕಡದಲ್ಲಿ ಬಿಸಿಲು ಕಂಡವರು ಯಾರು. ಎನರ್ಜೈಸರ್ ಇಲ್ದೆ ಮನೆ ಲೈನಿಂದ ನೇರ ಕರೆಂಟ್ ಕೊಡೋರು ಇದ್ದಾರೆ, ಅದು ಕೊಲೆ ಕೆಲ್ಸ. ಎನರ್ಜೈಸರ್ ಸೆಕೆಂಡಿಗೊಂದು ಸಲ ಚೂರು ಹೊತ್ತು ಮಾತ್ರ ಹೊಡೆಯೋದು, ಅದಕ್ಕೇ ಪ್ರಾಣಿ ಬಿಡಿಸ್ಕೊಂಡು ಓಡುತ್ತೆ. ಮನೆ ಕರೆಂಟ್ ಬಿಡೋದೇ ಇಲ್ಲ, ಹಿಡ್ಕೊಂಡೇ ಇರುತ್ತೆ. ಆನೆನೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

---

ಕಾಫಿಕಣ_ಸುಂಟಿಕೊಪ್ಪ

ಯಾರೂ ಕೇಳ್ದೇ ಇರೋ ಒಂದು ಪ್ರಶ್ನೆ. ನಿಮ್ಮ ಹತ್ರ ಹೋಮ್‌ಸ್ಟೇ ಏನಾದ್ರೂ ಇದ್ಯಾ? ನಮ್ಮ ಕಡೆ ಒಂದು ಇದೆ, ಹೆಸರು ಬೇಡ, ವಾರಾಂತ್ಯದಲ್ಲಿ ಬೆಂಗಳೂರಿಂದ ಬಂದೋರು ತಿಂದು ಬಿಟ್ಟ ಕೋಳಿ ಹಂದಿ ಮೂಳೆ ಎಲ್ಲಾ ತೋಟದ ಅಂಚಿಗೆ ಸುರೀತಾರೆ. ನರಿಗೆ ಅದು ಭಾನುವಾರದ ಸಂತೆ. ಮಳೆ ಜೋರಾದ್ಮೇಲೆ ಗೆಸ್ಟ್ ಕಮ್ಮಿ, ಮೂಳೆನೂ ಕಮ್ಮಿ, ಆಗ ಅದು ಸುತ್ತಮುತ್ತ ಮನೆ ಗೂಡುಗಳ ಕಡೆ ತಿರುಗುತ್ತೆ. ನಾವು ಮಾತಾಡಿ ಅವರ ಕೈಲಿ ಆಳ ಗುಂಡಿ ತೋಡಿಸಿ ಮೇಲೆ ಚಪ್ಪಡಿ ಹಾಕ್ಸಿದ್ವಿ, ಆಮೇಲೆ ಊಳಿಡೋದು ದೂರ ಹೋಯ್ತು. ಕೋಳಿ ಅಂಗಡಿ ವೇಸ್ಟ್ ಮೂಟೆ ಕಟ್ಟಿ ರಸ್ತೆ ಬದಿ ಎಸೆಯೋರ ಕಥೆನೂ ಇದೇ. ನಿಮ್ಮನೇಲೂ ಕೋಳಿ ಕುಯ್ದ ಮೇಲೆ ಕರುಳು ಪುಕ್ಕ ಎಲ್ಲಿ ಹಾಕ್ತೀರಾ ನೋಡ್ಕೊಳ್ಳಿ, ತೋಡಿಗೆ ಎಸೆಯೋದು ಆಗಿದ್ರೆ ನೀವೇ ದಾರಿ ತೋರ್ಸಿದ ಹಾಗೆ.

ಮಿಣುಕು ದೀಪ, ರೇಡಿಯೋ ಹಚ್ಚಿಡೋದು, ಮನುಷ್ಯರ ಕೂದಲು ಕಟ್ಟೋದು ಇವೆಲ್ಲಾ ಹೇಳೋರು ಬರ್ತಾರೆ. ಒಂದೆರಡು ವಾರ ಹೆದರುತ್ತೆ, ಆಮೇಲೆ ರೇಡಿಯೋ ಕೇಳ್ಕೊಂಡೇ ಊಟ ಮಾಡುತ್ತೆ. ನಾಯಿ ಇದ್ರೆ ಒಳ್ಳೇದು, ಆದ್ರೆ ಚಿರತೆ ಓಡಾಡೋ ಜಾಗದಲ್ಲಿ ರಾತ್ರಿ ನಾಯಿ ಹೊರಗೆ ಕಟ್ಟಿದ್ರೆ ಕೋಳಿ ಉಳಿಸೋಕೆ ಹೋಗಿ ನಾಯಿ ಕಳ್ಕೊಳ್ತೀರಾ.

---

ಗದ್ದೆಬದಿ_ನಾಪೋಕ್ಲು

ಹೋಮ್‌ಸ್ಟೇ ಇಲ್ಲ, ಆದ್ರೆ ತೋಡಿನ ಮೇಲ್ಗಡೆ ಯಾರೋ ವೇಸ್ಟ್ ಹಾಕ್ತಾರೆ, ನೀರಲ್ಲಿ ಪುಕ್ಕ ತೇಲಿ ಬರೋದು ನೋಡಿದೀನಿ. ಅದನ್ನ ಊರಲ್ಲಿ ಮಾತಾಡ್ತೀನಿ.

ವೆಲ್ಡ್ ಮೆಶ್ ತಂದಿದೀನಿ, ಮೂರು ಬದಿ ಹಾಸಿ ಕಲ್ಲು ಹೇರಿ ಆಯ್ತು, ಟವರ್ ಬೋಲ್ಟೂ ಹಾಕಿದ್ವಿ. ತೋಡಿನ ಬದಿಗೆ ಮಾತ್ರ ಸಮಸ್ಯೆ, ಗೋಡೆಯಿಂದ ಒಂದಡಿಗೇ ದಂಡೆ ಇಳಿಜಾರು ಶುರುವಾಗುತ್ತೆ, ಎರಡು ಅಡಿ ಮಟ್ಟ ಜಾಗ ಇಲ್ಲ. ನೀರು ಏರಿದಾಗ ಕಲ್ಲೂ ಕೊಚ್ಕೊಂಡು ಹೋಗುತ್ತೆ. ಅಲ್ಲಿ ಏನ್ ಮಾಡೋದು? ಅದು ಬರ್ತಿದ್ದೂ ಅದೇ ಬದಿಯಿಂದ.

---

ವೆಲ್ಡಿಂಗ್_ಗೋಣಿಕೊಪ್ಪ

ಹಾಗಾದ್ರೆ ಆ ಬದಿಗೆ ಮೆಶ್ ಒಳಗಡೆ ಹಾಸಿ. ಗೂಡಿನ ಒಳಗೆ ಗೋಡೆ ಬುಡದಿಂದ ಎರಡು ಅಡಿ, ಒಂದು ಅಂಚು ಇಟ್ಟಿಗೆ ಮೇಲೆ ನಾಲ್ಕು ಇಂಚು ಹತ್ತಿಸಿ ಕಟ್ಟಿ. ಹೊರಗಿಂದ ಕೆರೆದು ಬಂದ್ರೂ ಮೇಲೇಳೋವಾಗ ತಲೆಗೆ ತಂತಿ ಸಿಗುತ್ತೆ. ಅದರ ಮೇಲೆ ಮಣ್ಣು, ಹೊಟ್ಟು ಹಾಕ್ಬಿಟ್ರೆ ಕೋಳಿ ಕಾಲಿಗೂ ತೊಂದ್ರೆ ಇಲ್ಲ. ಕತ್ತರಿಸಿದ ಅಂಚು ಚೂಪಾಗಿರುತ್ತೆ, ಮಡಚಿ ಬಡಿದು ಹಾಕಿ, ಇಲ್ಲಾಂದ್ರೆ ಕೋಳಿ ಪಾದಕ್ಕೆ ಗಾಯ ಆಗಿ ಬಾವು ಬರುತ್ತೆ. ದಂಡೆ ಕಡೆ ಇಟ್ಟಿಗೆ ಬುಡ ಕೊರೀತಾ ಇದ್ರೆ ಮಣ್ಣು ತುಂಬಿದ ಗೊಬ್ಬರದ ಚೀಲ ಎರಡು ಸಾಲು ಜೋಡಿಸಿ, ತುಲಾ ಸಂಕ್ರಮಣ ಕಳೆಯೋ ತನಕ ತಡೆಯುತ್ತೆ.

---

ಹೇಂಟೆಅಕ್ಕ

ಚೀಲ ಜೋಡಿಸೋವಾಗ ಮಧ್ಯೆ ಸಂದಿ ಬಿಡ್ಬೇಡಿ ತಮ್ಮಾ, ಇಲಿ ಸೇರ್ಕೊಳ್ಳುತ್ತೆ, ಇಲಿ ಹಿಂದೆ ಕೇರೆ ಹಾವು. ಕಾವು ಕೂತಿರೋ ಹೇಂಟೆ ಇದ್ರೆ ಸದ್ಯಕ್ಕೆ ಮನೆ ಒಳಗೇ ಬುಟ್ಟೀಲಿ ಇಡಿ.